ಬಣ್ಣದ ಖರ್ಚು, ತೆರಿಗೆಯ ಲೆಕ್ಕ

ಪ್ರಶ್ನೆ: ನಾನು ರಂಗನಟ, ಗಾಯಕ. ಉಡುಪು, ಮೇಕಪ್, ಓಡಾಟ, ಫೋನ್ ಖರ್ಚನ್ನೆಲ್ಲ ಆದಾಯದಿಂದ ಕಳೆಯಬಹುದೇ?

ಉತ್ತರ: ಎಲ್ಲವನ್ನೂ ಅಲ್ಲ. ವೇದಿಕೆಗಷ್ಟೇ ಬಳಸುವ ವೇಷಭೂಷಣ, ಬಣ್ಣಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಹೊರಗೂ ತೊಡಬಹುದಾದ ಸೂಟನ್ನು, ಕಾರ್ಯಕ್ರಮಕ್ಕೆಂದೇ ಕೊಂಡಿದ್ದರೂ, ಅಧಿಕಾರಿಗಳು ಒಪ್ಪುವುದು ಕಷ್ಟ. ಫೋನಿನ ಬಳಕೆಯಲ್ಲಿ 40% ಮಾತ್ರ ವೃತ್ತಿಯದಾದರೆ ಬಿಲ್ಲಿನ 40% ಮಾತ್ರ ಬರೆಯಿರಿ. ವಾದ್ಯದ ತಂತಿ ಅದೇ ವರ್ಷದ ಖರ್ಚು. ದುಬಾರಿ ವಾದ್ಯಕ್ಕಾದರೆ ಸಾಮಾನ್ಯವಾಗಿ ವರ್ಷವರ್ಷವೂ ಸವಕಳಿ, ಅಂದರೆ ಬೆಲೆಯನ್ನು ಒಮ್ಮೆಗೇ ಅಲ್ಲದೆ ವರ್ಷಕ್ಕಿಷ್ಟು ಭಾಗವೆಂದು ಕಳೆಯುವುದು. ಸಂಘಟಕರು ಮರಳಿ ಕೊಟ್ಟ ಪ್ರಯಾಣವೆಚ್ಚವನ್ನು ಮತ್ತೆ ಕಳೆಯುವಂತಿಲ್ಲ.

ಹೆಚ್ಚಿನವರು ಎಡವುವುದು ಆದಾಯದ ಕಡೆಯೇ. ಸಂಭಾವನೆ 100, ತೆರಿಗೆ ಹಿಡಿದು ಕೈಗೆ ಬಂದದ್ದು 90 ಎಂದಿಟ್ಟುಕೊಳ್ಳಿ. ಆದಾಯ 100 ಎಂದೇ ತೋರಿಸಿ, ಹಿಡಿದ 10ನ್ನು ಕಟ್ಟಿದ ತೆರಿಗೆಯಾಗಿ ಕೇಳಬೇಕು. 90 ಎಂದು ಬರೆದರೆ ಸಂಘಟಕರು ತೆರಿಗೆ ಇಲಾಖೆಗೆ ಕೊಟ್ಟ ವರದಿಗೆ ತಾಳೆಯಾಗದೆ ನೋಟಿಸ್ ಬರಬಹುದು. ರಸೀದಿಗಳ ಫೋಟೊ ಅಂದೇ ತೆಗೆದಿಡಿ. ಥರ್ಮಲ್ ಕಾಗದದ ಅಕ್ಷರ ಬೇಗ ಮಾಸುತ್ತದೆ.