ಪ್ರಶ್ನೆ: ಜಪಾನಿನ, ದೊಡ್ಡದಾಗಲು ಸೋತ ಒಂದು ಪುಟ್ಟ ಮಹಿಳಾ ರೆಸ್ಲಿಂಗ್ ಸಂಸ್ಥೆಯ ಇತಿಹಾಸ ಬರೆಯಬೇಕು, ಜಪಾನಿ ಬರಲ್ಲ. ಚಾಂಪಿಯನ್‌ಗಳ ಪಟ್ಟಿಯಿಂದ ಶುರು ಮಾಡಲಾ?

ಬೇಡ. ನಾನು ಮಾಡಿದ್ದು ಅದನ್ನೇ. ನೀವು ಕೇಳಿರುವುದು ಐಸ್ ರಿಬ್ಬನ್ ಬಗ್ಗೆ. ನಾನು ಮುಖ ಮುಚ್ಚಿಕೊಂಡು ಓಡಾಡಿದ್ದೂ ಅದೇ ಐಸ್ ರಿಬ್ಬನ್ ವಿಷಯದಲ್ಲಿ.

2010ರಲ್ಲಿ ಕೆಲಸದ ಮೇಲೆ ಹೋಗಿ ಸೈತಾಮಾದ ನಿಶಿ-ಕವಾಗುಚಿಯಲ್ಲಿ ಸುಮಾರು ಎರಡು ವರ್ಷ ಇದ್ದೆ. ಅಲ್ಲಿಂದ ಟ್ರೇನಿನಲ್ಲಿ ಒಂದೇ ಸ್ಟೇಷನ್ ಆಚೆ ವಾರಾಬಿ. ವಿಸ್ತೀರ್ಣದಲ್ಲಿ ಇಡೀ ಜಪಾನಿಗೇ ಚಿಕ್ಕ ನಗರ, ಐದು ಚದರ ಕಿಲೋಮೀಟರ್ ಚಿಲ್ಲರೆ ಅಷ್ಟೇ. ಐಸ್ ರಿಬ್ಬನ್‌ನ ಡೋಜೋ ಇದ್ದದ್ದು ಅಲ್ಲಿ. ಡೋಜೋ ಅಂದರೆ ನಮ್ಮ ಗರಡಿ ಅಂದುಕೊಳ್ಳಿ. ನಾನು ದಾವಣಗೆರೆಯವನು, ಗರಡಿ ಮನೆ ನೋಡಿಯೇ ಬೆಳೆದವನು. ಆದರೆ ಆ ಮಟ್ಟಿಯ ಮೇಲೆ ಒಬ್ಬ ಹೆಣ್ಣುಮಗಳು ಕಾಲಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಒಳಗೆ ಹೋದರೆ ಮುಕ್ಕಾಲು ಜಾಗ ರಿಂಗಿಗೇ. ಉಳಿದ ಕಾಲು ಜಾಗದಲ್ಲಿ ಮಡಚುವ ಕುರ್ಚಿಗಳು. ಮುಂದಿನ ಸಾಲಿನಲ್ಲಿ ಕೂತರೆ, ಒಬ್ಬಳನ್ನು ಎತ್ತಿ ಒಗೆದಾಗ ಕುರ್ಚಿಯ ಕಾಲು ನಡುಗುವುದು ಗೊತ್ತಾಗುತ್ತಿತ್ತು. 'ಅದೆಲ್ಲ ಮೊದಲೇ ಮಾತಾಡಿಕೊಂಡ ಕುಸ್ತಿ ಅಲ್ವಾ' ಅಂತ ಊರಲ್ಲಿ ಎಲ್ಲರೂ ಕೇಳುತ್ತಿದ್ದರು. ಹೌದು, ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಬೀಳುವುದನ್ನು ಮಾತ್ರ ನಿಜವಾಗಿಯೇ ಬೀಳಬೇಕು. ಆಟ ಮುಗಿದ ಮೇಲೆ ಅದೇ ಹುಡುಗಿಯರು ಒದ್ದೆ ಕೂದಲಲ್ಲೇ ಬಂದು ಮೇಜಿನ ಹಿಂದೆ ನಿಂತು ಫೋಟೋ ಮಾರುತ್ತಿದ್ದರು. ಸಹಿ ಹಾಕುವಾಗ ಎದೆಯ ಮೇಲೆ ಇನ್ನೂ ಐದು ಬೆರಳಿನ ಕೆಂಪು ಗುರುತು. ಕೊನೆಯ ಘೋಷಣೆ ಈಗಲೂ ಬಾಯಲ್ಲಿದೆ: 'ಪುರೊರೆಸು ದೆ ಹಾಪ್ಪಿ! ಐಸು ರಿಬೊನ್!' ಕುಸ್ತಿಯಿಂದ ಖುಷಿ ಅಂತ.

2011ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ಬರೆಯುವ ಹುಚ್ಚು ಹತ್ತಿತು. ಒಂದು ಸಣ್ಣ ವೆಬ್ ಪತ್ರಿಕೆಯವರು ಹತ್ತು ಕಂತು ಕೊಡಿ ಅಂದರು. ನಿಮ್ಮ ಹಾಗೆಯೇ ನನಗೂ ಜಪಾನಿ ಅಷ್ಟಕ್ಕಷ್ಟೇ. ಚಾಂಪಿಯನ್‌ಗಳ ಪಟ್ಟಿ ಇಳಿಸಿಕೊಂಡೆ. ಐಸ್‌ಕ್ರಾಸ್ ಸಿಕ್ಸ್‌ಟಿ ಅನ್ನುವ ಚಾಂಪಿಯನ್ ಬೆಲ್ಟು, 60 ಕಿಲೋ ತೂಕದ ಮಿತಿ. ಆಮೇಲೆ ಮಿತಿ ತೆಗೆದು ಹೆಸರನ್ನೂ ಬದಲಾಯಿಸಿದರು. ಇನ್ನೊಂದು ಬೆಲ್ಟು ಅವರ ಇಂಟರ್ನೆಟ್ ನೇರಪ್ರಸಾರದ್ದು, ಅದರ ಪಂದ್ಯಕ್ಕೆ 19 ನಿಮಿಷದ ಮಿತಿ. ಪಟ್ಟಿ ಚೆನ್ನಾಗಿತ್ತು, ತಪ್ಪೂ ಇರಲಿಲ್ಲ. ಆದರೆ ಮಧ್ಯದ ಸಂದುಗಳನ್ನು ತುಂಬಿಸಲು ಯಂತ್ರಾನುವಾದ ಬಳಸಿದೆ. ಅಲ್ಲಿ ಬಿದ್ದೆ.

ಐಸ್ ರಿಬ್ಬನ್ ಕಟ್ಟಿದವರು ಎಮಿ ಸಾಕುರಾ. 2012ರ ಜನವರಿಯ ಸುದ್ದಿಯಲ್ಲಿ ಅವರ ಹೆಸರಿನ ಪಕ್ಕ ಒಂದು ಪದ ಇತ್ತು: ತೈದಾನ್. ಯಂತ್ರ ಅದನ್ನು 'ರಿಟೈರ್' ಅಂತ ತಿರುಗಿಸಿತು. ನಾನು ನಂಬಿದೆ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ. ಕುಸ್ತಿ ಬಿಟ್ಟು ನಿವೃತ್ತಿ ಆಗುವುದಕ್ಕೆ ಜಪಾನಿಯಲ್ಲಿ ಇನ್ತೈ ಅನ್ನುತ್ತಾರೆ. ಸಂಸ್ಥೆ ಬಿಡುವುದಕ್ಕೆ ತೈದಾನ್. ಎರಡರಲ್ಲೂ 'ತೈ' ಒಂದೇ ಅಕ್ಷರ, ಹಿಂದೆ ಸರಿಯುವುದು ಅಂತ ಅರ್ಥ. 'ದಾನ್' ಅಂದರೆ ತಂಡ. (ನಮ್ಮ ದಾನಕ್ಕೂ ಅದಕ್ಕೂ ಸಂಬಂಧ ಇಲ್ಲ.) ಅಂದರೆ ತೈದಾನ್ ಆದವರು ಬಿಟ್ಟಿದ್ದು ತಂಡವನ್ನು ಮಾತ್ರ. ನಾಳೆ ಇನ್ನೊಂದು ಕಡೆ ಆಡಬಹುದು, ತಾನೇ ಒಂದು ತಂಡ ಕಟ್ಟಬಹುದು. ಇದು ಸಾಲದು ಅಂತ ಸೋತ್ಸುಗ್ಯೋ ಅನ್ನುವ ಮೂರನೆಯದೂ ಇದೆ. ಶಾಲೆ ಮುಗಿಸುವುದಕ್ಕೆ ಬಳಸುವ ಪದ ಅದು. ಹಾಡುವ ಹುಡುಗಿಯರ ತಂಡಗಳಲ್ಲಿ ಬಳಸಿ ಬಳಸಿ ಕುಸ್ತಿಗೂ ಬಂದಿದೆ, ಮರ್ಯಾದೆಯಾಗಿ ಬೀಳ್ಕೊಡುವ ಮಾತು. ನಾಲ್ಕನೆಯದು ಕೆತ್ಸುಜೋ, ಪೆಟ್ಟು ಬಿದ್ದೋ ಇನ್ಯಾವುದೋ ಕಾರಣಕ್ಕೋ ಸದ್ಯ ಆಡುತ್ತಿಲ್ಲ ಅಂತ. ಈ ನಾಲ್ಕನ್ನೂ ನಾನು 'ನಿವೃತ್ತಿ' ಅಂತಲೇ ಬರೆದಿದ್ದೆ.

ಯಂತ್ರದ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ನನಗೆ ಅದು ನಂಬುವ ಹಾಗಿತ್ತು. 1968ರಲ್ಲಿ ಶುರುವಾದ ಆಲ್ ಜಪಾನ್ ವಿಮೆನ್ಸ್ ಅನ್ನುವ ದೊಡ್ಡ ಸಂಸ್ಥೆಯಲ್ಲಿ 25ರ ಹೊತ್ತಿಗೆ ನಿವೃತ್ತಿ ಅನ್ನುವ ಪದ್ಧತಿ ಇತ್ತು. ಕುಡಿಯುವ ಹಾಗಿಲ್ಲ, ಸೇದುವ ಹಾಗಿಲ್ಲ, ಗಂಡಸರ ಸಹವಾಸ ಇಲ್ಲ, ವಯಸ್ಸಾದ ಕೂಡಲೇ ಮನೆಗೆ. 1980ರ ದಶಕದಲ್ಲಿ ಟಿವಿ ಮುಂದೆ ಶಾಲಾ ಹುಡುಗಿಯರನ್ನು ಅಳಿಸುತ್ತಿದ್ದ ಕ್ರಶ್ ಗ್ಯಾಲ್ಸ್ ಜೋಡಿಯ ಚಿಗುಸಾ ನಾಗಾಯೋ, ಲಯನೆಸ್ ಆಸುಕಾ ಇಬ್ಬರೂ 1989ರಲ್ಲೇ ನಿಲ್ಲಿಸಿದರು. ಇದನ್ನೆಲ್ಲ ಓದಿದ್ದೆ. ಸಾಕುರಾಗೆ ಆಗ 35. 'ಪಾಪ, ವಯಸ್ಸಾಯಿತು' ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಆ ನಾಗಾಯೋ ನಾಲ್ಕೇ ವರ್ಷಕ್ಕೆ ವಾಪಸ್ ಬಂದು ಗಯಾ ಜಪಾನ್ ಅನ್ನುವ ಸಂಸ್ಥೆಯನ್ನೇ ಕಟ್ಟಿದ್ದು ಕಣ್ಣೆದುರಿಗೇ ಇತ್ತು. ಅದು ತಲೆಗೆ ಹೋಗಲಿಲ್ಲ.

ನಾಲ್ಕನೇ ಕಂತಿನ ಹೆಸರು 'ಗುರುವಿನ ವಿದಾಯ'. ಕಣ್ಣೀರು ಬರುವ ಹಾಗೆ ಬರೆದಿದ್ದೆ, ಸುಳ್ಳು ಹೇಳಲ್ಲ. ಡೋಜೋದಲ್ಲಿ ಪರಿಚಯವಾಗಿದ್ದ ಒಬ್ಬ ಹಿರಿಯ ಅಭಿಮಾನಿ ಇದ್ದರು, ಹಳೆಯ ಕರಪತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದವರು. ಅವರಿಗೆ ನನ್ನ ಹರಕು ಜಪಾನಿಯಲ್ಲಿ ಮೇಲ್ ಹಾಕಿದೆ: ಸಾಕುರಾ ಅವರ ನಿವೃತ್ತಿ ಪಂದ್ಯದ ಫೋಟೋ ಇದ್ದರೆ ಕೊಡಿ, ಕಂತು ಹೋದ ವಾರವೇ ಪ್ರಕಟವಾಗಿದೆ. ಎರಡು ಸಾಲಿನ ಉತ್ತರ ಬಂತು. 'ನಿವೃತ್ತಿ ಆಗಿಲ್ಲ. ಬ್ಯಾಂಕಾಕಿನಲ್ಲಿ ಹೊಸದು ಶುರು ಮಾಡಿದ್ದಾರೆ.' ಆಮೇಲೆ ಅವರಿಂದ ಸ್ಕ್ಯಾನೂ ಇಲ್ಲ, ಮೇಲೂ ಇಲ್ಲ. ತಿದ್ದೋಲೆ ಹಾಕಿ ಅಂತ ಸಂಪಾದಕರನ್ನು ಕೇಳಿದೆ. ಅವರು ಉಳಿದ ಕಂತುಗಳಲ್ಲೂ 'ನಿವೃತ್ತಿ' ಎಷ್ಟಿದೆ ಅಂತ ಎಣಿಸಿ, ಇಡೀ ಸರಣಿಯನ್ನೇ ತೆಗೆದುಹಾಕಿದರು. ಏಳು ತಿಂಗಳ ಕೆಲಸ. ಬೈಯಲೂ ಇಲ್ಲ ಅವರು, ಅದೇ ಜಾಸ್ತಿ ನೋವಾಯಿತು.

ಈಗ ನಿಮ್ಮ ಪ್ರಶ್ನೆಗೆ. 'ದೊಡ್ಡದಾಗಲು ಸೋತ ಸಂಸ್ಥೆ' ಅಂತ ಬರೆದಿದ್ದೀರಿ. ಒಪ್ಪಲ್ಲ. 2005ರ ಏಪ್ರಿಲ್‌ನಲ್ಲಿ, ಒಂದೇ ತಿಂಗಳಲ್ಲಿ, ಆಲ್ ಜಪಾನ್ ವಿಮೆನ್ಸ್ ಮತ್ತು ಗಯಾ ಜಪಾನ್ ಎರಡೂ ಮುಚ್ಚಿದವು. ದೊಡ್ಡದಾಗಿದ್ದೇ ಮುಳುಗಿದ ಮೇಲೆ ಬಂದ ಕೂಸು ಇದು. ಸಾಕುರಾ 2006ರಲ್ಲಿ ಶುರು ಮಾಡಿದಾಗ ರಿಂಗೂ ಇರಲಿಲ್ಲ, ಮ್ಯಾಟ್ ಹಾಸಿ ಆಡಿಸುತ್ತಿದ್ದರು. ಆಟಗಾರರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳೂ ಇದ್ದರು, ಅವರಲ್ಲಿ ರಿಹೋ ಒಬ್ಬಳು. (ಅಷ್ಟು ಚಿಕ್ಕ ಮಕ್ಕಳನ್ನು ಆಡಿಸುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಅದನ್ನೂ ಬರೆಯಿರಿ.) 2008ರಲ್ಲಿ ಕುಸ್ತಿಯ ಸಿನಿಮಾವೊಂದಕ್ಕೆ ಆಯ್ಕೆಯಾಗಿ ತಾಲೀಮಿಗೆ ಬಂದ ತ್ಸುಕಾಸಾ ಫುಜಿಮೊತೊ, ಹಿಕಾರು ಶಿದಾ ಕುಸ್ತಿಯಲ್ಲೇ ಉಳಿದುಬಿಟ್ಟರು. ಸಾಕುರಾ ಹೋದ ಮೇಲೆ ಹೊರೆ ಫುಜಿಮೊತೊ ಹೆಗಲಿಗೆ ಬಿತ್ತು.

ಆದ್ದರಿಂದ ಬೆಲ್ಟುಗಳ ಪಟ್ಟಿ ಪಕ್ಕಕ್ಕಿಡಿ. ಯಾರು ಯಾವಾಗ ಬಿಟ್ಟು ಹೋದರು, ಹೋಗಿ ಏನು ಮಾಡಿದರು, ಆ ಪಟ್ಟಿ ಮಾಡಿ. ಐಸ್ ರಿಬ್ಬನ್‌ಗೆ ಮುಂಚೆ ಸಾಕುರಾ ಇದ್ದದ್ದು ಗಾತೊಕುನ್ಯಾನ್ ಅನ್ನುವ ತಂಡದಲ್ಲಿ. ಅದನ್ನು ಬಿಟ್ಟೇ ಐಸ್ ರಿಬ್ಬನ್ ಕಟ್ಟಿದ್ದು, ಇದನ್ನು ಬಿಟ್ಟೇ ಬ್ಯಾಂಕಾಕಿನಲ್ಲಿ ಗಾತೊ ಮೂವ್ ಕಟ್ಟಿದ್ದು. ಎರಡು ಹೆಸರಲ್ಲೂ ಅದೇ 'ಗಾತೊ' ಇದೆ, ಗಮನಿಸಿದಿರಾ? 2021ರ ಕೊನೆಗೆ ರಿಸಾ ಸೆರಾ, ಸುಜು ಸುಜುಕಿ ಸೇರಿ ಐವರು ಒಟ್ಟಿಗೇ ಐಸ್ ರಿಬ್ಬನ್ ಬಿಟ್ಟು ಪ್ರಾಮಿನೆನ್ಸ್ ಅಂತ ತಮ್ಮದೇ ಗುಂಪು ಮಾಡಿಕೊಂಡರು. ಬೆಲ್ಟಿನ ಪಟ್ಟಿ ನೋಡಿದರೆ ಇದು ಸುಮ್ನೆ ಒಂದು ಸಾಲು ಖಾಲಿಯಾದ ಹಾಗೆ ಕಾಣುತ್ತದೆ, ಅಷ್ಟೇ.

 

ಜಪಾನಿ ಬರದಿದ್ದರೂ ಒಂದು ಕಡೆ ಕಷ್ಟ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಸಾಕುರಾ ಚೋಕೋಪ್ರೋ ಅಂತ ಕುಸ್ತಿ ಪ್ರಸಾರವನ್ನು ಯೂಟ್ಯೂಬಿನಲ್ಲಿ ಶುರು ಮಾಡಿದರು. ಟೋಕಿಯೋದ ಇಚಿಗಾಯಾದಲ್ಲಿ ಒಂದು ಪುಟ್ಟ ಕೋಣೆ, ರಿಂಗ್ ಇಲ್ಲ, ಮ್ಯಾಟ್ ಅಷ್ಟೇ. ಕಿಟಕಿ ಹತ್ತಿ ಅಲ್ಲಿಂದ ಎದುರಾಳಿಯ ಮೇಲೆ ಹಾರುತ್ತಾರೆ. ಕೊನೆಯಲ್ಲಿ ಎಲ್ಲರೂ ಸೇರಿ ಕಲ್ಲು-ಕಾಗದ-ಕತ್ತರಿ ಆಡುತ್ತಾರೆ. ಇಂಗ್ಲಿಷ್ ವಿವರಣೆ ಕೊಡುತ್ತಿದ್ದವನು ಭಾರತದ ಹುಡುಗ ಬಾಲಿಯಾನ್ ಅಕ್ಕಿ, ಅವನೂ ಆಟಗಾರ. ಹೆಸರು ಕೇಳಿ ನಗಬೇಡಿ, ನಾನು ಆಗಲೇ ನಕ್ಕಾಗಿದೆ.

ಇನ್ನು ನಾನು 'ನಿವೃತ್ತಿ' ಮಾಡಿಸಿದ್ದ ಗುರುವಿನ ಕಥೆ. 2019ರ ಅಕ್ಟೋಬರ್ 2ರಂದು ರಿಹೋ ಅಮೆರಿಕದ ಎಇಡಬ್ಲ್ಯು ಅನ್ನುವ ರೆಸ್ಲಿಂಗ್ ಸಂಸ್ಥೆಯ ಮೊದಲ ಮಹಿಳಾ ಚಾಂಪಿಯನ್ ಆದಳು. ಮರುವರ್ಷ ಅದೇ ಬೆಲ್ಟು ಶಿದಾಗೆ ಬಂತು. ಈ ಎರಡರ ನಡುವೆ, 2019ರ ನವೆಂಬರ್ 9ರಂದು ಬಾಲ್ಟಿಮೋರಿನಲ್ಲಿ ರಿಹೋಗೆ ಸವಾಲು ಹಾಕಿ ರಿಂಗಿಗಿಳಿದವರು 43 ವರ್ಷದ ಎಮಿ ಸಾಕುರಾ. ಶಿಷ್ಯೆಯೇ ಗೆದ್ದಳು. ನಮ್ಮಲ್ಲಿ ಮರುದಿನ ಬೆಳಿಗ್ಗೆ ಫೋನ್ ಹಿಡಿದು ಕೂತಿದ್ದ ನನಗೆ, ನಾಲ್ಕನೇ ಕಂತಿನ ಕೊನೆಯ ಪ್ಯಾರಾ ಅಕ್ಷರ ಅಕ್ಷರವಾಗಿ ನೆನಪಿಗೆ ಬರುತ್ತಿತ್ತು.

ನಿಮ್ಮ ಕರಡಿನಲ್ಲಿ ಎಲ್ಲೆಲ್ಲಿ 'ನಿವೃತ್ತಿ' ಅಂತ ಇದೆಯೋ ಅಲ್ಲೆಲ್ಲ ಮೂಲದ ಜಪಾನಿ ಅಕ್ಷರ ಅಂಟಿಸಿ ಇಲ್ಲೇ ಹಾಕಿ. ಆ ನಾಲ್ಕು ಪದ ಮಾತ್ರ ನನಗೆ ನಿದ್ದೆಯಲ್ಲೂ ಗುರುತು ಸಿಗುತ್ತವೆ. ನೋಡಿ ಹೇಳುತ್ತೇನೆ.