ಹೋಂಸ್ಟೇ ಕೆಲವರದು, ಊರು ಎಲ್ಲರದು

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಏಳೆಂಟು ಮನೆಯವರು ಹೋಂಸ್ಟೇ ನಡೆಸುತ್ತಿದ್ದಾರೆ. ಆದಾಯ ಅವರಿಗೆ, ಕಸವೂ ವಾಹನಗಳ ಗದ್ದಲವೂ ಊರಿಗೆ ಎಂಬಂತಾಗಿದೆ. ಎಲ್ಲರನ್ನೂ ಒಳಗೊಂಡ ಪ್ರವಾಸೋದ್ಯಮ ಸಮಿತಿ ರಚಿಸಬೇಕೆಂದಿದ್ದೇವೆ. ಅದು ಗ್ರಾಮ ಪಂಚಾಯಿತಿಯ ಅಧೀನದಲ್ಲಿರಬೇಕೇ, ಪ್ರತ್ಯೇಕ ಸಹಕಾರ ಸಂಘವಾಗಬೇಕೇ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಎರಡೂ ಬೇಕು, ಆದರೆ ಬೇರೆ ಬೇರೆ ಕೆಲಸಕ್ಕೆ. ನೋಂದಣಿಯ ಮಾತಿಗೆ ಮೊದಲು, ದರ ಗೊತ್ತುಮಾಡುವವರು ಯಾರು, ಲೆಕ್ಕ ಒಪ್ಪಿಸಬೇಕಾದುದು ಯಾರಿಗೆ ಎಂಬುದನ್ನು ತೀರ್ಮಾನಿಸಿಕೊಳ್ಳಿ.

ಕೇರಳದ ಕುಮರಕಂ ಇದಕ್ಕೆ ಒಳ್ಳೆಯ ನಿದರ್ಶನ. ವೇಂಬನಾಡು ಸರೋವರದ ದಂಡೆಯ ಆ ಊರಿನಲ್ಲಿ ರೆಸಾರ್ಟ್‌ಗಳು ಸಾಕಷ್ಟಿದ್ದರೂ ಅವುಗಳ ಅಡುಗೆಮನೆಗೆ ತರಕಾರಿ ಹೊರಗಿನ ಪೇಟೆಗಳಿಂದ ಬರುತ್ತಿತ್ತು. 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಕಾರ್ಯಕ್ರಮ ಅಲ್ಲಿ ಆರಂಭವಾದಾಗ ಪಂಚಾಯಿತಿ, ಪ್ರವಾಸೋದ್ಯಮ ಇಲಾಖೆ, ಹೋಟೆಲ್‌ನವರು ಮತ್ತು ಕೇರಳ ಸರ್ಕಾರದ ಬಡತನ ನಿವಾರಣಾ ಯೋಜನೆಯಾದ ಕುಟುಂಬಶ್ರೀಯ ಮಹಿಳಾ ಗುಂಪುಗಳು ಒಂದೆಡೆ ಕುಳಿತು, ಊರಿನಲ್ಲೇ ಬೆಳೆದುದನ್ನು ಹೋಟೆಲ್‌ಗಳು ಕೊಳ್ಳುವ ಏರ್ಪಾಟು ಮಾಡಿಕೊಂಡವು. ದರವನ್ನೂ ಗುಣಮಟ್ಟವನ್ನೂ ನೋಡಿಕೊಳ್ಳಲು ಸಮಿತಿಗಳಾದವು. ಮೊದಮೊದಲು ಬೇಕಾದಷ್ಟನ್ನು ಬೇಕಾದ ಹೊತ್ತಿಗೆ ಒದಗಿಸುವುದು ಬೆಳೆಗಾರರಿಗೆ ಕಷ್ಟವಾಯಿತು. ಆದರೆ ಕೊಳ್ಳುವವರೂ ಮಾರುವವರೂ ಮುಖಾಮುಖಿ ಚೌಕಾಸಿ ಮಾಡಲು ಒಂದು ಜಾಗವಿತ್ತು. ನನ್ನ ಪ್ರಕಾರ ಕುಮರಕಂನಿಂದ ಕಲಿಯಬೇಕಾದುದು ಅದನ್ನೇ, ಅಲ್ಲಿನ ರೆಸಾರ್ಟ್‌ಗಳನ್ನಲ್ಲ.

ನಿಮ್ಮಲ್ಲಿ ಕಸ ವಿಲೇವಾರಿ, ಕುಡಿಯುವ ನೀರು, ಕಟ್ಟಡ ತೆರಿಗೆ ಇವು ಪಂಚಾಯಿತಿಯ ಹೊಣೆಯಾಗಿಯೇ ಇರಲಿ. ಊರಿಗೆ ಅನ್ವಯಿಸುವ ಷರತ್ತುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಹಣದ ವ್ಯವಹಾರವನ್ನು ಮಾತ್ರ ಸಹಕಾರ ಸಂಘವೋ ಸ್ವಸಹಾಯ ಗುಂಪುಗಳ ಒಕ್ಕೂಟವೋ ನೋಡಿಕೊಳ್ಳುವುದು ಲೇಸು, ಏಕೆಂದರೆ ಪಂಚಾಯಿತಿಯ ಆಡಳಿತ ಐದು ವರ್ಷಕ್ಕೊಮ್ಮೆ ಬದಲಾಗುವಾಗ ಅತಿಥಿಗಳ ಮುಂಗಡವೂ ಊಟ ಬಡಿಸಿದವರ ಬಾಕಿಯೂ ನಡುವೆ ಸಿಕ್ಕಿಕೊಳ್ಳಬಾರದು. ಪ್ರತಿ ಅತಿಥಿಯ ಬಾಡಿಗೆಯಲ್ಲಿ ಇಂತಿಷ್ಟು ಊರಿನ ನಿಧಿಗೆ ಎಂದು ಬರೆದಿಟ್ಟು, ಅದರ ಲೆಕ್ಕವನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಹಾಕಿರಿ.

ಸಮಿತಿಯಲ್ಲಿ ಹೋಂಸ್ಟೇ ಮಾಲೀಕರೇ ಬಹುಮತದಲ್ಲಿರುವಂತೆ ಆಗಬಾರದು. ಜೀಪು ಓಡಿಸುವವರು, ತೋಟದ ಕೂಲಿಯವರು, ಹಾಲು ಹಾಕುವ ಹೆಂಗಸರು ಅಲ್ಲಿರಲಿ. ಮೊದಲ ಸಭೆಯಲ್ಲಿ ಹೋಂಸ್ಟೇ ಇಲ್ಲದ ಮನೆಯವರಿಗೇ ಮೊದಲು ಮಾತಾಡಲು ಬಿಡಿ. ದಿನಕ್ಕೆ ಎಷ್ಟು ವಾಹನ, ರಾತ್ರಿ ಎಷ್ಟು ಗಂಟೆಯವರೆಗೆ ಸದ್ದು ಎಂಬ ಮಿತಿಯನ್ನು ಅವರೇ ಹೇಳಲಿ.