4ಎ ಜಿಯೋಲೈಟ್ ಮೆಂಬ್ರೇನ್ ಸೋರುತ್ತಿದ್ದರೆ ಮೊದಲು ಬೀಜದ ಪದರ ನೋಡಿ

ಎಥನಾಲಿನಿಂದ ನೀರನ್ನು ಬೇರ್ಪಡಿಸಲು ಅಲ್ಯುಮಿನಾ ಟ್ಯೂಬಿನ ಮೇಲೆ 4ಎ (ಅತಿ ಸಣ್ಣ ರಂಧ್ರಗಳಿರುವ ಜಿಯೋಲೈಟ್ ಹರಳು) ಪದರ ಬೆಳೆಸಿದ್ದೀರಿ, ಎಕ್ಸ್‌ಆರ್‌ಡಿ (ಹರಳು ಯಾವುದೆಂದು ಗುರುತಿಸುವ ಎಕ್ಸ್‌ರೇ ಪರೀಕ್ಷೆ) ಸರಿ ಬಂದಿದೆ, ಆದರೂ ನೀರಿನ ಜೊತೆ ಎಥನಾಲೂ ದಾಟುತ್ತಿದೆ. 100 ಡಿಗ್ರಿಯಲ್ಲಿ 4 ಗಂಟೆಯ ಬದಲು 12 ಗಂಟೆ ಇಡಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಕ್ಷಾರದಲ್ಲಿ ಹೆಚ್ಚು ಹೊತ್ತು ಬಿಟ್ಟರೆ 4ಎ ಕರಗಿ ಸೋಡಲೈಟ್ ಎಂಬ ಬೇರೆ ಹರಳಾಗುತ್ತದೆ. ಎಕ್ಸ್‌ಆರ್‌ಡಿಯಲ್ಲಿ 14.1 ಮತ್ತು 24.5 ಡಿಗ್ರಿ ಕೋನದ ಹತ್ತಿರ ಪೀಕ್ ಎದ್ದರೆ ಅದು ಶುರುವಾಗಿದೆ ಎಂದೇ ಅರ್ಥ.

ಎಕ್ಸ್‌ಆರ್‌ಡಿ ಹೇಳುವುದು ಹರಳು ಯಾವುದು ಎಂದಷ್ಟೇ. ಹರಳುಗಳ ನಡುವಿನ ಸಂದು ಅದಕ್ಕೆ ಕಾಣದು. 4ಎ ರಂಧ್ರ ಸುಮಾರು 0.4 ನ್ಯಾನೋಮೀಟರ್. ನೀರು ಸಲೀಸಾಗಿ ಹೋಗುತ್ತದೆ, ಎಥನಾಲ್‌ಗೆ ಅದು ಇಕ್ಕಟ್ಟು. ಹಾಗಾಗಿ ನಿಮ್ಮ ಎಥನಾಲ್ ಬರುತ್ತಿರುವುದು ಸಂದುಗಳಿಂದ, ಮತ್ತು ಸಂದಿಗೆ ಕಾರಣ ಬಹುಪಾಲು ಬೀಜದ ಪದರ (ಹರಳು ಬೆಳೆಯಲೆಂದು ಟ್ಯೂಬಿಗೆ ಮೊದಲೇ ಹಚ್ಚುವ 4ಎ ಪುಡಿಯ ಲೇಪ) ಎಂಬುದು ನನ್ನ ಅಭಿಪ್ರಾಯ.

ಬೀಜಕ್ಕೆ ಬೇಕಾದ ಪುಡಿಯನ್ನು ನೀವೇ ಮಾಡಿಕೊಳ್ಳಬಹುದು. 80 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ 0.72 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿ, ಎರಡು ಪಾಲಿಪ್ರೊಪಿಲೀನ್ ಬಾಟಲಿಗೆ ಸಮನಾಗಿ ಹಂಚಿ. ಗಾಜು ಬೇಡ, ಕ್ಷಾರ ಅದರ ಸಿಲಿಕಾವನ್ನು ಎಳೆದುಕೊಳ್ಳುತ್ತದೆ. ಒಂದಕ್ಕೆ 8.26 ಗ್ರಾಂ ಸೋಡಿಯಂ ಅಲ್ಯುಮಿನೇಟ್, ಇನ್ನೊಂದಕ್ಕೆ 15.48 ಗ್ರಾಂ ಸೋಡಿಯಂ ಮೆಟಾಸಿಲಿಕೇಟ್ ಪೆಂಟಾಹೈಡ್ರೇಟ್. ಅಲ್ಯುಮಿನೇಟ್ ಬಾಟಲಿಯ ಲೇಬಲ್ ನೋಡದೆ ತೂಗಬೇಡಿ: ಬೇಕಾದದ್ದು 3.9 ಗ್ರಾಂ ಅಲ್ಯುಮಿನಾ, ಅದರ ಶೇಕಡಾವಾರು ಕಂಪನಿಯಿಂದ ಕಂಪನಿಗೆ ಬೇರೆ. ಎರಡೂ ತಿಳಿಯಾದ ಮೇಲೆ ಸಿಲಿಕೇಟನ್ನು ಅಲ್ಯುಮಿನೇಟಿಗೆ ಒಮ್ಮೆಲೇ ಸುರಿದು, ಗಟ್ಟಿ ಜೆಲ್ ಒಂದೇ ಹದಕ್ಕೆ ಬರುವವರೆಗೆ ಕುಲುಕಿ. 99 ಡಿಗ್ರಿಯಲ್ಲಿ 3ರಿಂದ 4 ಗಂಟೆ. ಸೋಸಿ, ತೊಳೆದ ನೀರಿನ ಪಿಎಚ್ 9ಕ್ಕಿಂತ ಕೆಳಗಿಳಿಯುವವರೆಗೆ ತೊಳೆದು ಒಣಗಿಸಿ.

ಈ ಪುಡಿಯನ್ನು ಬಾಲ್ ಮಿಲ್‌ನಲ್ಲಿ ಒಂದು ಮೈಕ್ರಾನ್‌ಗಿಂತ ಸಣ್ಣದಾಗಿ ಅರೆದು, ನೀರಿನಲ್ಲಿ ಶೇ. 0.5ರಿಂದ 1ರಷ್ಟು ಕಲಸಿ, ತಳದಲ್ಲಿ ಕೂತ ದಪ್ಪ ಕಣ ಬಿಟ್ಟು ಮೇಲಿನದನ್ನು ಮಾತ್ರ ಬಳಸಿ. ಟ್ಯೂಬಿನ ಹೊರಮೈಯನ್ನು 600 ನಂಬರ್ ಮರಳು ಕಾಗದದಿಂದ ಉಜ್ಜಿ, ಅಲ್ಟ್ರಾಸಾನಿಕ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ. ತುದಿಗಳಿಗೆ ಟೆಫ್ಲಾನ್ ಮುಚ್ಚಳ ಹಾಕಿ ಅದ್ದಿ, ನಿಧಾನವಾಗಿ ಎತ್ತಿ, 60–80 ಡಿಗ್ರಿಯಲ್ಲಿ ಒಣಗಿಸಿ. ಆಮೇಲೆ ಓರೆ ಬೆಳಕಿನಲ್ಲಿ ತಿರುಗಿಸಿ ನೋಡಿ. ಬಿಳಿ ಗಂಟುಗಳಿದ್ದರೆ ಗ್ಲೌಸ್ ಹಾಕಿದ ಬೆರಳಿನಿಂದ ಒರೆಸಿ ಸಮ ಮಾಡಿ. ಬೀಜ ದಪ್ಪಗಿದ್ದ ಕಡೆ ಹರಳು ಮೇಲೆ ಮಾತ್ರ ಕೂಡಿಕೊಳ್ಳುತ್ತದೆ, ಅಡಿಯ ಪುಡಿ ಸಡಿಲವಾಗಿಯೇ ಉಳಿದು ಪದರ ಹಪ್ಪಳದಂತೆ ಎದ್ದುಬರುತ್ತದೆ. ಬೀಜವೇ ಇಲ್ಲದ ಕಡೆ ಸಂದು ಮುಚ್ಚುವುದಿಲ್ಲ.

ಬೆಳೆಸಲು ಅಲ್ಯುಮಿನಾ, ಸಿಲಿಕಾ, ಸೋಡಿಯಂ ಆಕ್ಸೈಡ್, ನೀರು 1:2:2:120 ಮೋಲ್ ಅನುಪಾತದ ಜೆಲ್, 100 ಡಿಗ್ರಿ, 3–4 ಗಂಟೆ. ಟ್ಯೂಬ್ ನೆಟ್ಟಗೆ ನಿಂತಿರಲಿ. ಮಲಗಿಸಿದರೆ ಜೆಲ್‌ನಲ್ಲೇ ಹುಟ್ಟಿದ ಹರಳು ಮೇಲ್ಮೈಗೆ ಬಂದು ಕೂರುತ್ತದೆ, ಪದರದ ಜೊತೆ ಬೆಸೆಯುವುದಿಲ್ಲ. ತೊಳೆದು ನಿಧಾನವಾಗಿ ಒಣಗಿಸಿ. ಇಲ್ಲಿ ಸಾವಯವ ಟೆಂಪ್ಲೇಟ್ (ರಂಧ್ರ ರೂಪಿಸಲು ಸೇರಿಸಿ ಆಮೇಲೆ ಸುಟ್ಟು ತೆಗೆಯುವ ವಸ್ತು) ಇಲ್ಲ, ಆದ್ದರಿಂದ 500 ಡಿಗ್ರಿಗೆ ಕಾಯಿಸುವ ಅಗತ್ಯವೂ ಇಲ್ಲ.

ಹೋಲಿಸಿ ನೋಡಲು: ಶೇ. 90ರ ಎಥನಾಲ್, 75 ಡಿಗ್ರಿಯಲ್ಲಿ ಒಳ್ಳೆಯ 4ಎ ಮೆಂಬ್ರೇನ್‌ಗೆ ಪ್ರಕಟವಾಗಿರುವ ಫಲಿತಾಂಶ ಚದರ ಮೀಟರಿಗೆ ಗಂಟೆಗೆ 2.15 ಕೆಜಿ, ಸೆಪರೇಷನ್ ಫ್ಯಾಕ್ಟರ್ (ಎಥನಾಲಿನಿಂದ ನೀರು ಎಷ್ಟು ಚೆನ್ನಾಗಿ ಬೇರ್ಪಡುತ್ತದೆ ಎಂಬ ಅಳತೆ) 10,000. ನಿಮ್ಮ ಫ್ಯಾಕ್ಟರ್ ನೂರರ ಆಸುಪಾಸಿದ್ದರೆ ಇನ್ನೊಂದು ಪದರ ಬೆಳೆಸುವ ಮುಂಚೆ ತುದಿಯ ಓ-ರಿಂಗ್ ಪರೀಕ್ಷಿಸಿ. ರಂಧ್ರವೇ ಇಲ್ಲದ ಸ್ಟೀಲ್ ಕೊಳವೆಯನ್ನು ಅದೇ ಜಾಗದಲ್ಲಿ ಕೂರಿಸಿ ವ್ಯಾಕ್ಯೂಮ್ ಎಳೆಯಿರಿ. ಆಗಲೂ ಒತ್ತಡ ಏರಿದರೆ ಸೋರಿಕೆ ಜಿಯೋಲೈಟಿನದಲ್ಲ. ಆಮ್ಲ ಬೆರೆತ ಎಥನಾಲನ್ನು ಮಾತ್ರ ಹಾಯಿಸಬೇಡಿ, 4ಎ ರಚನೆಯ ಅಲ್ಯುಮಿನಿಯಂ ಆಮ್ಲಕ್ಕೆ ಕಳಚಿಕೊಂಡು ಪದರವೇ ಹಾಳಾಗುತ್ತದೆ.